ಬಾಣಂತಿ ಗಡ್ಡೆಯ ಕರಿ ದೋಣಿ

ಹೊಳೆದಂಡೆಯ ಮತ್ತಿಮರವೊಂದು ಗಾಳಿಗೆ ಉರುಳಿತು. ಬಡಗಿ ವೀರಾಚಾರಿ ಅದನ್ನು ಕೊಯ್ದು ನನ್ನನ್ನು ಮಾಡಿದ. ಹಲಗೆಯ ಸಂದಿಗಳಿಗೆ ಹತ್ತಿ ತುರುಕಿ, ಮೈಗೆಲ್ಲ ಬಿಸಿ ಡಾಂಬರು ಬಳಿದ. ಹೀಗೆ ನಾನು ಕರಿ ದೋಣಿಯಾದೆ. ಮೊದಲ ಸಲ ನೀರಿಗಿಳಿಸಿದಾಗ ಮುಳುಗುತ್ತೇನೆಂದೇ ಅಂದುಕೊಂಡಿದ್ದೆ. ನೀರು ನನ್ನನ್ನು ಹೊತ್ತುಕೊಂಡಿತು.

ನನ್ನನ್ನು ಮಾಡಿಸಿದವನು ಅಂಕಯ್ಯ, ಮೀನು ಹಿಡಿಯುವವನು. ನಮ್ಮೂರಲ್ಲಿ ಹೊಳೆ ಕವಲು ಕವಲಾಗಿ ಹರಿಯುತ್ತದೆ. ನಡುವೆ ಜೊಂಡು ಬೆಳೆದ ಜೌಗು, ಅಲ್ಲಲ್ಲಿ ಪುಟ್ಟ ನಡುಗಡ್ಡೆಗಳು. ಅವುಗಳಲ್ಲಿ ಒಂದರ ಹೆಸರು ಬಾಣಂತಿ ಗಡ್ಡೆ. ಚಳಿ ಮುಗಿಯುವ ಹೊತ್ತಿಗೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳೂ ಬಂದು ಅಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಊರಿನವರಿಗೆ ಅವು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು. ಮೊದಲ ಹಕ್ಕಿ ಇಳಿದ ದಿನ ಅಂಕಯ್ಯನ ಹೆಂಡತಿ ನನ್ನ ಮೂತಿಗೆ ಅರಿಶಿನದ ಬೊಟ್ಟಿಟ್ಟು, ಮಡಿಲಕ್ಕಿಯೆಂದು ಒಂದು ಹಿಡಿ ಅಕ್ಕಿಯನ್ನು ಹೊಳೆಗೆ ಬಿಡುತ್ತಿದ್ದಳು. ಅಲ್ಲಿಂದ ಮರಿಗಳು ಹಾರುವವರೆಗೂ ಆ ಗಡ್ಡೆಯ ಬಳಿ ಯಾರೂ ಬಲೆ ಬೀಸುತ್ತಿರಲಿಲ್ಲ.

"ಸಣ್ಣಿ, ಹುಟ್ಟು ಮೆಲ್ಗೆ ಹಾಕವ್ವ. ಬಾಣಂತೀರು ಮಲಗವ್ರೆ," ಎಂದು ಅಂಕಯ್ಯ ಮಗಳಿಗೆ ಪಿಸುಗುಡುತ್ತಿದ್ದ.

ಸಣ್ಣಮ್ಮ ಆಗ ಲಂಗದ ಹುಡುಗಿ. ಹುಟ್ಟು ಅವಳಿಗಿಂತ ಉದ್ದವಿತ್ತು.

ಕೆಲವು ವರ್ಷಗಳಾದ ಮೇಲೆ ಸರ್ಕಾರ ಆ ಜೌಗನ್ನೆಲ್ಲ ರಾಷ್ಟ್ರೀಯ ಉದ್ಯಾನವೆಂದು ಸಾರಿತು. ಮೀನು ಹಿಡಿಯುವುದು ನಿಂತಿತು. ನೋಡಲು ಬಂದವರನ್ನು ಕೂರಿಸಿಕೊಂಡು ಸುತ್ತಿಸುವ ಕೆಲಸ ಅಂಕಯ್ಯನಿಗೂ ನನಗೂ ಸಿಕ್ಕಿತು. ಜನರನ್ನು ನಾನು ಪಾದಗಳಿಂದ ಬಲ್ಲೆ. ಬೂಟಿನವು, ಕಾಲುಂಗುರದವು, ನನ್ನ ತಳ ಮುಟ್ಟದೆ ತೂಗಾಡುವ ಮಕ್ಕಳವು. ಬಂಡೆಯ ಮೇಲಿನ ಮೊಸಳೆ ಬಾಯಿ ತೆರೆದರೆ ಎಲ್ಲ ಪಾದಗಳೂ ಒಟ್ಟಿಗೆ ಮೇಲೇಳುತ್ತಿದ್ದವು.

ಸಣ್ಣಮ್ಮ ಮದುವೆಯಾಗಿ ಹೋದಳು, ಹೆರಿಗೆಗೆ ಬಂದಳು. ಮಗು ಉಳಿಯಲಿಲ್ಲ. ಗಂಡನ ಮನೆಯಿಂದ ಯಾರೂ ಕರೆಯಲು ಬರಲಿಲ್ಲ. ಅಂಕಯ್ಯ ತೀರಿಕೊಂಡ ಮೇಲೆ ಅವಳೇ ಹುಟ್ಟು ಹಿಡಿದಳು.

"ಹೆಂಗ್ಸು ದೋಣಿ ಬಿಡ್ತಾಳಾ? ಈಜು ಬರುತ್ತಾ ಇವಳಿಗೆ?" ಎಂದನೊಬ್ಬ ಪ್ರವಾಸಿ.

"ನಂಗ್ ಬತ್ತದೆ ಅಣ್ಣ. ನಿಮ್ಗೆ?"

ದೋಣಿಯಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಗಡ್ಡೆಯ ಹತ್ತಿರ ಹೋಗೆಂದು ಯಾರಾದರೂ ಒತ್ತಾಯಿಸಿದರೆ, "ನಿಮ್ಮನೇಲಿ ಬಾಣಂತಿ ಕ್ವಾಣೆಗೆ ಕಂಡೋರು ನುಗ್ತಾರಾ?" ಎಂದಷ್ಟೇ ಕೇಳುತ್ತಿದ್ದಳು.

ಒಮ್ಮೆ ಉದ್ಯಾನಕ್ಕೆ ಹೊಸ ಸಾಹೇಬರು ಬಂದರು. ನನ್ನನ್ನು ನೋಡಿ, "ಏನಮ್ಮ ಇದು, ಹೊಂಡದಲ್ಲಿ ಬಿದ್ದ ಎಮ್ಮೆ ಇದ್ದಂಗಿದೆ. ಒಂದಿಷ್ಟು ಬಣ್ಣ ಹೊಡಿ," ಎಂದರು. ಯಾವ ಬಣ್ಣವೆಂದು ಅವರು ಹೇಳಲಿಲ್ಲ. ಆರಿಸಿದವಳು ಸಣ್ಣಮ್ಮ. ಅವ್ವನ ಅರಿಶಿನದ ಬೊಟ್ಟು ಅವಳ ಮನಸ್ಸಿನಲ್ಲಿತ್ತು. ಬಾಣಂತಿಯರ ಮುಂದೆ ಶುಭವಾಗಿರಲಿ ಎಂದು ಮೂತಿಯಿಂದ ಬಾಲದವರೆಗೆ ಅರಿಶಿನದ ಬಣ್ಣ ಬಳಿದಳು. ಬಣ್ಣ ಒಣಗಿದಾಗ ನನ್ನನ್ನು ಸವರಿ, "ಮದ್ಲಿಂಗಿತ್ತಿ ಹಂಗೆ ಕಾಣ್ತೀಯ ಕಣೆ," ಎಂದಳು. ನನಗೂ ಹೆಮ್ಮೆಯಾಯಿತು.

ಮರುದಿನ ಬೆಳಿಗ್ಗೆ ನಾವು ಎಂದಿನ ದಾರಿಯಲ್ಲಿ, ಗಡ್ಡೆಯಿಂದ ಎಂದಿನಷ್ಟೇ ದೂರದಲ್ಲಿ ಹೋದೆವು. ಮೊದಲು ಒಂದು ಕೊಕ್ಕರೆ ಎದ್ದು ನಿಂತಿತು. ಆಮೇಲೆ ಗಡ್ಡೆಗೆ ಗಡ್ಡೆಯೇ ಮೇಲೆದ್ದಿತು. ಇಷ್ಟು ವರ್ಷ ಆ ಹಕ್ಕಿಗಳು ಕಂಡಿದ್ದು ಕರಿ ದೋಣಿಯನ್ನು. ಈ ಹಳದಿ ಯಾವುದೋ ಹೊಸ ಪ್ರಾಣಿ. ಪ್ರವಾಸಿಗರು ಚಪ್ಪಾಳೆ ತಟ್ಟಿ ಫೋಟೋ ತೆಗೆದರು. ಸಣ್ಣಮ್ಮನ ಕಣ್ಣು ಮಾತ್ರ ಗೂಡುಗಳ ಮೇಲಿತ್ತು. ಕಾಗೆಗಳೂ ಹದ್ದುಗಳೂ ಇಳಿಯತೊಡಗಿದ್ದವು.

"ಅಯ್ಯೋ, ಮೊಟ್ಟೆ ಅವೆ ಕಣ್ರೋ," ಎಂದಳು. ಅಷ್ಟು ಮೆಲ್ಲಗೆ ಹೇಳಿದ್ದು ನನ್ನೊಬ್ಬಳಿಗೇ ಕೇಳಿಸಿರಬೇಕು.

ನನ್ನನ್ನು ಜೊಂಡಿನೊಳಗೆ ನುಗ್ಗಿಸಿ, ಕುತ್ತಿಗೆವರೆಗಿನ ನೀರಿಗಿಳಿದಳು. ಜೊಂಡು ಕಿತ್ತು ನನಗೂ ನನ್ನಲ್ಲಿದ್ದವರಿಗೂ ಹೊದಿಸಿದಳು. ಕೆಸರು ಬಾಚಿ ನನ್ನ ಮೈಗೆ ಮೆತ್ತಿದಳು. ಹೊಸ ಸೀರೆಯ ಹೆಂಗಸೊಬ್ಬಳು ಬೈಯಲು ಬಾಯಿ ತೆರೆದು, ಸಣ್ಣಮ್ಮನ ಮುಖ ನೋಡಿ ತಾನೇ ಜೊಂಡನ್ನು ತಲೆಯ ಮೇಲೆ ಎಳೆದುಕೊಂಡಳು. ಬಿಸಿಲು ಏರುತ್ತಿತ್ತು. ತಾಯಂದಿರು ಬಾರದಿದ್ದರೆ ಹದ್ದು ಬಿಟ್ಟ ಮೊಟ್ಟೆಗಳನ್ನು ಬಿಸಿಲು ಬಿಡುವುದಿಲ್ಲ. ಹಕ್ಕಿಗಳು ಮೇಲೆ ಸುತ್ತುತ್ತಲೇ ಇದ್ದವು.

ಕೊನೆಗೆ ಒಂದು ಇಳಿಯಿತು. ನಿಂತು, ಕಾಲು ಮಡಿಸಿ, ಗೂಡಿನಲ್ಲಿ ಕುಳಿತಿತು. ಆಮೇಲೆ ಇನ್ನೊಂದು. ಎಲ್ಲವೂ ಬರಲಿಲ್ಲ. ಬಂದವುಗಳಲ್ಲಿ ಕೆಲವು ಬರಿದಾದ ಗೂಡಿನ ಅಂಚಿನಲ್ಲಿ ಬಹಳ ಹೊತ್ತು ನಿಂತೇ ಇದ್ದವು. ಸಣ್ಣಮ್ಮ ಅವುಗಳನ್ನೇ ನೋಡುತ್ತಿದ್ದಳು.

ಅಂದು ಸಂಜೆ ಗಾಜಿನ ಚೂರಿನಿಂದ ನನ್ನ ಬಣ್ಣವನ್ನೆಲ್ಲ ಕೆರೆದಳು. ಬೆರಳು ಕೊಯ್ದುಕೊಂಡರೂ ನಿಲ್ಲಿಸಲಿಲ್ಲ. "ಎಮ್ಮೆ ಹಂಗಿದ್ದಾಗ್ಲೇ ಚೆಂದಾಗಿದ್ದೆ ಕಣವ್ವ ನೀನು," ಎಂದು ಡಾಂಬರು ಬಳಿದಳು.

ಈಗ ನಾನು ಮುದುಕಿ. ತಳದ ಹಲಗೆ ಕೊಳೆತಿದೆ. ಹೊಸ ಫೈಬರ್ ದೋಣಿ ಬಂದಿದೆ; ಸಾಹೇಬರೊಡನೆ ವಾದಿಸಿ ಅದಕ್ಕೂ ಅವಳು ಕಪ್ಪು ಬಣ್ಣವನ್ನೇ ಹೊಡೆಸಿದ್ದಾಳೆ. ನನ್ನನ್ನು ಸೌದೆಗೆ ಕೇಳಿದವರಿಗೆ ಕೊಡಲಿಲ್ಲ. ಹಕ್ಕಿಗಳಿಲ್ಲದ ತಿಂಗಳಲ್ಲಿ ಬಾಣಂತಿ ಗಡ್ಡೆಯ ಅಂಚಿಗೆ ಎಳೆದು ತಂದು ಬಿಟ್ಟಳು. ಗಡ್ಡೆ ಖಾಲಿಯಿದ್ದಷ್ಟು ಕಾಲ ದಿನಾ ಬಂದು ನನ್ನ ಅಂಚಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

ಹೊಳೆ ನನ್ನೊಳಗೆ ಮರಳು ತುಂಬಿತು. ಈ ಬೇಸಿಗೆಯ ಕೊನೆಗೆ, ಮರಗಳ ಮೇಲಿನ ಮರಿಗಳೆಲ್ಲ ಹಾರಿಹೋದ ಮೇಲೆ, ಟಿಟ್ಟಿಭ ಹಕ್ಕಿಯೊಂದು ಆ ಮರಳನ್ನು ಎದೆಯಿಂದ ಒತ್ತಿ ಕುಳಿ ಮಾಡಿ, ಕಲ್ಲಿನ ಬಣ್ಣದ ಮೊಟ್ಟೆಗಳನ್ನಿಟ್ಟಿದೆ. ಮೊನ್ನೆ ಸಣ್ಣಮ್ಮ ಎಂದಿನಂತೆ ನನ್ನ ಕಡೆಗೆ ಬರುತ್ತಿದ್ದಳು. ಹಕ್ಕಿ ನನ್ನೊಳಗಿಂದ ತಲೆ ಎತ್ತಿತು. ಅವಳ ಹುಟ್ಟು ನೀರಿನಲ್ಲೇ ನಿಂತಿತು. ಬಹಳ ಹೊತ್ತು ನೋಡಿದಳು. ಆಮೇಲೆ ಸದ್ದಾಗದಂತೆ ದೋಣಿ ತಿರುಗಿಸಿ ಹೊರಟುಹೋದಳು.

ಅಂದಿನಿಂದ ಅವಳು ಹತ್ತಿರ ಬಂದಿಲ್ಲ. ನಾನೂ ಕಾಯುತ್ತಿಲ್ಲ. ಮೊಟ್ಟೆಗಳು ಬೆಚ್ಚಗಿವೆ.