ಎರಡನೆಯ ಲಾಕ್ಲನ್

ಇಪ್ಪತ್ತೆರಡು ವರ್ಷ ನಾನು ಇನ್ವರ್ನೆಸ್‌ನ ದಾಖಲೆ ಕಚೇರಿಯಲ್ಲಿ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಕ್ಯಾಟಲಾಗಿನ ಕಾರ್ಡುಗಳನ್ನು ತಿರುವಿ ತಿರುವಿ ಬೆರಳು ಸವೆದವು. ಆದರೂ ನಮ್ಮ ಮ್ಯಾಕ್‌ಫೀ ಮನೆತನದ ಪೂರ್ವಜ ಲಾಕ್ಲನ್‌ನಿಂದ ಹಿಂದಕ್ಕೆ ಒಂದು ಹೆಜ್ಜೆ ಇಡಲಾಗಲಿಲ್ಲ. ತಂಗಿ ಮೊರ್ವೆನ್ ಕಳೆದ ಚಳಿಗಾಲದಲ್ಲಿ ಶುರುಮಾಡಿದವಳು, ಬೇಸಿಗೆಯೊಳಗೆ ಅವನ ಅಪ್ಪ, ಅಮ್ಮ, ಅಜ್ಜ ಎಲ್ಲರನ್ನೂ ಹುಡುಕಿ ತಂದಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಚಿಕ್ಕಂದಿನಿಂದಲೂ ಅವಳಿಗೆ ಹೀಗೆಯೇ, ಕೈಚಾಚಿದರೆ ಸಾಕು.

ಎಫೀ ಅತ್ತೆ ತಮ್ಮ ತೊಂಬತ್ತನೆಯ ಹುಟ್ಟುಹಬ್ಬಕ್ಕೆ ಮನೆತನದ ಬೈಬಲ್ಲನ್ನು ಮೊರ್ವೆನ್‌ಗೆ ಕೊಡುವುದಾಗಿ ಹೇಳಿದರು. ಅದರ ಮೊದಲ ಹಾಳೆಯಲ್ಲಿ ಬರೆದಿಟ್ಟ ಮನೆಯವರ ಹೆಸರುಗಳು ಶುರುವಾಗುವುದು ಲಾಕ್ಲನ್‌ನ ಮಕ್ಕಳಿಂದ. ಅದಕ್ಕೂ ಹಿಂದಿನ ಬೇರು ಹುಡುಕಿದವಳಿಗೇ ಅದು ಸೇರಬೇಕಂತೆ.

ಮಾರನೆಯ ಬೆಳಗ್ಗೆಯೇ ಕಚೇರಿಗೆ ಓಡಿದೆ. ಅವಳ ತಪ್ಪು ಹಿಡಿಯಬೇಕಿತ್ತು, ಅಷ್ಟೇ. ಸಿಕ್ಕಿತು. ಅವಳು ತೋರಿಸಿದ, 1791ರಲ್ಲಿ ಹುಟ್ಟಿದ ಲಾಕ್ಲನ್ ಎರಡೇ ವರ್ಷಕ್ಕೆ ತೀರಿಕೊಂಡಿದ್ದ. ಕೂತಲ್ಲೇ ನಕ್ಕೆ. ಆದರೆ ನಮ್ಮಲ್ಲಿ ಅಜ್ಜನ ಹೆಸರು ಉಳಿಯಲೇಬೇಕು. ಹೆಸರಿಟ್ಟ ಮಗು ಸತ್ತರೆ, ಆಮೇಲೆ ಹುಟ್ಟಿದವನಿಗೆ ಅದೇ ಹೆಸರು. ಅಭ್ಯಾಸಬಲದಿಂದ ಮುಂದಿನ ವರ್ಷಗಳ, ಕೂಸುಗಳ ದೀಕ್ಷಾಸ್ನಾನ ಬರೆದಿಡುವ ಚರ್ಚಿನ ಪುಸ್ತಕವನ್ನೂ ತರಿಸಿದೆ. 1794. ಅದೇ ಅಪ್ಪ, ಅದೇ ಅಮ್ಮ, ಇನ್ನೊಬ್ಬ ಲಾಕ್ಲನ್. ಬದುಕಿ ಬೆಳೆದ ನಮ್ಮವನು ಇವನೇ. ಮೊರ್ವೆನ್ ತಪ್ಪಿದ್ದು ವರ್ಷವನ್ನು ಮಾತ್ರ, ಉಳಿದದ್ದೆಲ್ಲ ಸರಿಯಾಗಿತ್ತು.

ಹುಟ್ಟುಹಬ್ಬದ ಮೇಜಿನಲ್ಲಿ ನಾನು ಸತ್ತ ಮಗುವಿನ ಸಂಗತಿಯನ್ನಷ್ಟೇ ಹೇಳಿದೆ. ಎರಡು ವರ್ಷದ ಕೂಸಿಗೆ ಮಕ್ಕಳು ಹೇಗಾದವು ಎಂದು ಅತ್ತೆ ಮೊರ್ವೆನ್‌ಳನ್ನು ಛೇಡಿಸಿದರು. ಅವಳು ಕೆಂಪಗಾದಳು. ಬೈಬಲ್ ನನ್ನ ಮಡಿಲಿಗೆ ಬಂತು.

ಮುಂದಿನ ವಾರ ಅವಳು ನನ್ನ ಜೊತೆಗೇ ಕಚೇರಿಗೆ ಬಂದು ಪಕ್ಕದಲ್ಲಿ ಕೂತಳು. ಮೊದಲಿನಿಂದ ಹುಡುಕುತ್ತಾಳಂತೆ. ಪುಸ್ತಕ ತರಿಸುವ ಚೀಟಿ ಬರೆಯುತ್ತಾ ಕೇಳಿದಳು:

"ಅಕ್ಕ, 1794ರದ್ದೂ ಒಂದ್ಸಲ ನೋಡ್ಲಾ?"

"ನಾನು ನೋಡಿದ್ದೀನಿ ಕಣೆ. ಅದರಲ್ಲಿ ಏನೂ ಇಲ್ಲ."

"ನೀನು ನೋಡಿದ್ಮೇಲೆ ಮುಗೀತು ಬಿಡು," ಎಂದು ಚೀಟಿ ಹರಿದಳು.

ಎಷ್ಟು ಸಲೀಸಾಗಿ ನಂಬಿಬಿಟ್ಟಳು. ಹಾಗೆ ನಂಬುವುದೂ ಅವಳಿಗೇ ಸುಲಭವಾಗಿ ಬರುತ್ತದೆ ಎಂದು ಮತ್ತೆ ಹೊಟ್ಟೆಯುರಿಯಿತು. ಅವಳು ಪಕ್ಕದೂರಿನ ಪುಸ್ತಕ ತರಿಸಿಕೊಂಡು, ಮೊದಲ ಪುಟದಿಂದ ಓದತೊಡಗಿದಳು.