ಹೋಟೆಲಿನ ಹಿಂದಿನ ಬಾವಿ

ಹರವೆಯಿಂದ ಬೆಂಗಳೂರಿಗೆ ಹೊರಟವರು ಯಾರೇ ಆಗಲಿ, ಹೊರಡುವ ಮುಂಚೆ ಶಾಂತಮಲ್ಲಮ್ಮನ ಜಗಲಿಯ ಮೇಲೆ ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಲಾಲ್‌ಬಾಗಿಗೆ ಹೋದರೆ ಬಿಸಿಲೇರುವ ಮೊದಲೇ ಬಂಡೆ ಹತ್ತಿಬಿಡಿ, ಆಮೇಲೆ ಕಾಲು ಸುಡುತ್ತದೆ ಅನ್ನುವಳು. ಚಿಕ್ಕಪೇಟೆಯಲ್ಲಿ ಕೈಹಿಡಿದು ಕರೆಯುವ ಅಂಗಡಿಗೆ ಹೋಗಬೇಡಿ, ಒಳಗಿನ ಗಲ್ಲಿಗೆ ನುಗ್ಗಿ ಅನ್ನುವಳು. ವಿಧಾನಸೌಧವನ್ನು ದೀಪ ಹಾಕಿದ ಮೇಲೇ ನೋಡಬೇಕು. ತಿಂಡಿಗೆ ಮಾತ್ರ ಗಾಂಧಿಬಜಾರಿನ ತಿರುವಿನ ಹೋಟೆಲೇ ಆಗಬೇಕು. ಅದರ ದೋಸೆ ಬಾಯಲ್ಲಿ ಕರಗುತ್ತದೆ ಅನ್ನುವುದು ಒಂದು. ಹೋಟೆಲಿನ ಹಿಂದೆ ಒಂದು ಸೇದುವ ಬಾವಿಯಿದೆ, ಕೈಕಾಲು ಮುಖ ತೊಳೆದು ಲಿಂಗಪೂಜೆ ಮುಗಿಸಿಕೊಂಡು ನೆಮ್ಮದಿಯಾಗಿ ತಿನ್ನಬಹುದು ಅನ್ನುವುದು ಇನ್ನೊಂದು. ಪೂಜೆಯಿಲ್ಲದೆ ಬಾಯಿಗೆ ನೀರು ಹಾಕದ ಮನೆಗಳವರಿಗೆ ಈ ಎರಡನೆಯ ಮಾತೇ ದೊಡ್ಡದಾಗಿತ್ತು.

ಅವಳ ಮಾತನ್ನು ಯಾರೂ ಅನುಮಾನಿಸಿದವರಲ್ಲ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಬೆಂಗಳೂರಿನ ಒಂದು ಉಚಿತ ಹಾಸ್ಟೆಲಿನಲ್ಲಿ ಹುಡುಗರಿಗೆ ಬೇಯಿಸಿ ಹಾಕಿ ಬಂದವಳು. ಆದರೆ ಆ ಹನ್ನೊಂದು ವರ್ಷದಲ್ಲಿ ಅವಳು ಕಂಡದ್ದು ಒಲೆ, ಕೊಳಗ, ಹಿತ್ತಲಿನ ಒಗೆಯುವ ಕಲ್ಲು ಇಷ್ಟೇ. ಊರಿಗೆ ಬರುವಾಗ ವಾರ್ಡನ್ನರೇ ಬಸ್ಸು ಹತ್ತಿಸುತ್ತಿದ್ದರು. ಉಳಿದ ಬೆಂಗಳೂರೆಲ್ಲ ಊಟಕ್ಕೆ ಸಾಲಾಗಿ ಕೂತ ಹುಡುಗರ ಬಾಯಿಂದ ಅವಳ ಕಿವಿಗೆ ಬಿದ್ದದ್ದು. ಇದನ್ನು ಅವಳು ಮುಚ್ಚಿಟ್ಟಳು ಎಂದೇನಲ್ಲ. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈಗ ಸ್ತ್ರೀಶಕ್ತಿ ಸಂಘದ ನಾಗಲಕ್ಷ್ಮಿ ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಬೆಂಗಳೂರು ನೋಡಲು ಹೊರಟಿದ್ದಳು. ಮುಂದೆ ನಿಂತು ತೋರಿಸಲು ಶಾಂತಮಲ್ಲಮ್ಮ ದೊಡ್ಡವ್ವನೇ ಬರಬೇಕು ಎಂದು ಕೇಳದೆಯೇ ಟಿಕೆಟ್ಟನ್ನೂ ಮಾಡಿಸಿದ್ದಳು. ಕತ್ತಲಲ್ಲೇ ಹೊರಡುವುದರಿಂದ ಮನೆಯಲ್ಲಿ ಪೂಜೆಗೆ ಪುರುಸೊತ್ತಿಲ್ಲ, ಸೀದಾ ಆ ಬಾವಿಗೇ ಹೋಗಿ ಪೂಜೆ, ಅಲ್ಲೇ ತಿಂಡಿ ಎಂದು ದಿನವನ್ನೆಲ್ಲ ಬಾವಿಯ ಸುತ್ತಲೇ ಹೆಣೆದಿದ್ದಳು.

ಅಂದಿನಿಂದ ಶಾಂತಮಲ್ಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕೇರಿಟ್ಟ ರಾಗಿಯನ್ನು ತೌಡಿನ ಮೊರಕ್ಕೇ ಸುರಿದಳು. ಚೀಲಕ್ಕೆ ಸೀರೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು. ಮಂಡಿನೋವು ಅಂದು ನೋಡಿದಳು. ನಾಗಲಕ್ಷ್ಮಿ ಮುಲಾಮು ತಂದುಕೊಟ್ಟಳು. ಹನ್ನೊಂದು ಜನ ಆ ತಿರುವಿನಲ್ಲಿ ನಿಂತು ಬಾವಿಗೆ ಯಾವ ಕಡೆ ಎಂದು ಕೇಳಿದರೆ ತಾನು ಯಾವ ಕಡೆ ಕೈ ತೋರಿಸಲಿ? ಇಷ್ಟು ವರ್ಷ ಜಗಲಿಗೆ ಬಂದು ಕೂತವರ ಮುಂದೆ ಮುಖ ಎಲ್ಲಿಟ್ಟುಕೊಳ್ಳಲಿ?

ಹೊರಡುವುದಕ್ಕೆ ಎರಡು ದಿನ ಇರುವಾಗ ತಡೆಯಲಾರದೆ ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಬಾವಿಯ ಸುದ್ದಿ ತಂದವನು ಹಾಸ್ಟೆಲಿನಲ್ಲಿದ್ದ ಮಲ್ಲಿಕಾರ್ಜುನಸ್ವಾಮಿ. ಈಗ ಅವನಿಗೆ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿ, ತಲೆ ನರೆತಿದೆ. ಗಿರಾಕಿಗಳ ಮುಂದೆ ಮಲ್ಲು ಅನ್ನಲು ನಾಲಗೆ ತಡವರಿಸಿತು. ಅವನೇ ಎದ್ದು ಬಂದು ಸ್ಟೂಲು ಹಾಕಿ ಕಾಫಿ ತರಿಸಿದ. ಅವಳು ಕಾಫಿ ಮುಟ್ಟದೆ, ಬಾವಿ ಹೋಟೆಲಿನ ಎಡಕ್ಕೋ ಬಲಕ್ಕೋ ಅದೊಂದು ಹೇಳಿಬಿಡು, ಮೂರು ಗಂಟೆಯ ಬಸ್ಸಿಗೆ ಹೋಗಬೇಕು ಅಂದಳು.

ಅವನಿಗೆ ಮೊದಲು ನೆನಪೇ ಆಗಲಿಲ್ಲ. ನೆನಪಾದ ಮೇಲೆ ಕ್ಯಾಶಿನ ಡ್ರಾಯರನ್ನು ಸುಮ್ಮನೆ ತೆಗೆದು ಮುಚ್ಚಿದ.

"ಬಾವಿ ಇರ್ನಿಲ್ಲ ಕಣಕ್ಕ," ಅಂದ.

"ನೀನೇ ಹೇಳ್ದಲ್ಲಪ್ಪ. ಸೇದೋ ಬಾವಿ, ತಣ್ಣಗಿರೋ ನೀರು ಅಂತ."

"ದೋಸನೂ ತಿಂದಿರ್ನಿಲ್ಲ. ಕಿಟಕಿ ತಾವ ನಿಂತು ನೋಡ್ಕ ಬಂದು, ತಿಂದೆ ಅಂತ ಹುಡುಗ್ರ ಮುಂದ ಜಂಬ ಕೊಚ್ಚಿದ್ದೆ. ನೀವು ಸೌಟು ಹಿಡ್ಕಂಡು ನಿಂತು, ಪೂಜ ಎಲ್ಲಿ ಮಾಡ್ದೆಲಾ ಅಂದ್ರಿ. ಪೂಜ ಇಲ್ದೆ ತಿಂದೋನ್ಗ ನೀವು ಅನ್ನ ಇಕ್ತಿರ್ನಿಲ್ವಲ್ಲ. ಬಾಯ್ಗ ಬಂದುದ್ದು ಬಾವಿ."

ಕಾಫಿ ಆರಿ ಕೆನೆ ಕಟ್ಟಿತು. ಅವನನ್ನು ಬೈಯಬೇಕು ಅನಿಸಿತು. ಆದರೆ ಸಾಲಿನ ಕೊನೆಯಲ್ಲಿ ಕೂತು, ನೀರುಸಾರು ಕಲಸುತ್ತ ದೋಸೆಯ ಬಣ್ಣ ಹೇಳುತ್ತಿದ್ದ ತೆಳ್ಳನೆಯ ಹುಡುಗ ಕಣ್ಣಿಗೆ ಬಂದ. ಕೆನೆ ಸಮೇತ ಕಾಫಿ ಕುಡಿದು ಎದ್ದಳು.

ಬಸ್ಸಿನಲ್ಲಿ ಸೀಟು ಸಿಕ್ಕಿದರೂ ಒರಗಲಾಗಲಿಲ್ಲ. ಬಾವಿಯೇ ಇಲ್ಲವಾದರೆ ಅದನ್ನು ಕಂಡು ಬಂದವರೆಲ್ಲ ಕಂಡದ್ದೇನನ್ನು? ಮೊದಲು ಹೋಗಿ ಬಂದ ಊರಿನ ಬಸವಪ್ರಸಾದ್, ಬಾವಿಯ ಹಗ್ಗ ಹೊಸದು ಅಂದಿದ್ದ. ನಾಗಲಕ್ಷ್ಮಿಯ ಮಾವ ಮರಿಮಲ್ಲಪ್ಪ, ಪೂಜೆಯ ವಿಷಯದಲ್ಲಿ ಊರಿಗೇ ಬುದ್ಧಿ ಹೇಳುವವರು, ನೀರು ಎಳನೀರಿದ್ದ ಹಾಗಿತ್ತು ಎಂದು ಇದೇ ಜಗಲಿಯಲ್ಲಿ ಕೂತು ಹೊಗಳಿದ್ದರು. ಯೋಚಿಸುತ್ತ ಹೋದಂತೆ ಒಂದೊಂದೇ ಬಿಚ್ಚಿಕೊಂಡಿತು. ಹೋದವರು ಹುಡುಕಿದ್ದಾರೆ, ಸಿಕ್ಕಿಲ್ಲ. ಹೊಟ್ಟೆ ಹಸಿದಿದೆ, ಎದುರಿಗೆ ದೋಸೆ. ಪೂಜೆಯಿಲ್ಲದೆ ತಿಂದಿದ್ದಾರೆ. ಬಾವಿ ಇರಲಿಲ್ಲ ಎಂದರೆ, ಹಾಗಾದರೆ ಪೂಜೆ ಎಲ್ಲಿ ಮಾಡಿದಿರಿ ಎಂದು ಕೇಳುವವರಿದ್ದಾರೆ. ಮೊದಲು ಹೋದವನು ಬಾವಿ ಇದೆ ಅಂದ ಮೇಲೆ ಎರಡನೆಯವನು ಇಲ್ಲ ಅನ್ನುವುದು ಹೇಗೆ?

ವಾರದಿಂದ ಮರಿಮಲ್ಲಪ್ಪನವರು ಹೋಟೆಲು ಯಾಕೆ, ಬುತ್ತಿ ಕಟ್ಟಿಕೊಂಡು ಹೋಗಿ ಎಂದು ಸೊಸೆಯ ಹಿಂದೆ ಬಿದ್ದಿದ್ದರು. ಜಿಪುಣತನ ಅಂದುಕೊಂಡಿದ್ದಳು. ಅದೂ ಈಗ ಅರ್ಥವಾಯಿತು.

ಹೊರಡುವ ದಿನ ಚಾಮರಾಜನಗರದ ಸ್ಟೇಷನ್ನಿನಲ್ಲಿ ಆಗತಾನೆ ಬೆಳಕು ಹರಿಯುತ್ತಿತ್ತು. ಹೆಂಗಸರು ಚೀಲಗಳ ಮೇಲೆ ಕೂತು ಮೈಸೂರಿನ ಮೇಲೆ ಬೆಂಗಳೂರಿಗೆ ಹೋಗುವ ಗಾಡಿಗೆ ಕಾಯುತ್ತಿದ್ದರು. ಕೂರದವರು ಇಬ್ಬರೇ. ಶಾಂತಮಲ್ಲಮ್ಮ ಪ್ಲಾಟ್‌ಫಾರಮ್ಮಿನ ಈ ತುದಿಯಿಂದ ನಡೆದರೆ, ಸೊಸೆಯನ್ನು ಕಳಿಸಲು ಬಂದ ಮರಿಮಲ್ಲಪ್ಪನವರು ಆ ತುದಿಯಿಂದ. ನಡುವೆ ಎದುರಾದಾಗಲೆಲ್ಲ ಅವರು ಗಡಿಯಾರ ನೋಡುವರು.

ಮೂರನೆಯ ಸಲ ಎದುರಾದಾಗ ಅವಳು ನಿಂತುಬಿಟ್ಟಳು. ನಾಗಲಕ್ಷ್ಮಿಯನ್ನು ಕರೆದಳು.

"ನೋಡವ್ವ ನಾಗು, ನಾ ಬೆಂಗಳೂರು ನೋಡಿಲ್ಲ."

ನಾಗಲಕ್ಷ್ಮಿ ನಕ್ಕಳು. ದೊಡ್ಡವ್ವ ನಗಲಿಲ್ಲ. ಅಡುಗೆಮನೆ ಬಿಟ್ಟು ಆಚೆ ಹೋದವಳಲ್ಲ, ಹೇಳಿದ್ದೆಲ್ಲ ಹುಡುಗರಿಂದ ಕೇಳಿದ್ದು, ತೋರಿಸಲು ತನಗೆ ಬರುವುದಿಲ್ಲ, ಬೇಕಾದರೆ ಇಲ್ಲಿಂದಲೇ ಹಿಂದಕ್ಕೆ ಹೋಗುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುಂಪಿನಲ್ಲಿದ್ದ ಮಾದಮ್ಮ ಮಾತ್ರ, ಇಷ್ಟು ವರ್ಷ ನೋಡದೆಯೇ ಇಷ್ಟು ಹೇಳಿದಳು, ನೋಡಿ ಬಂದರೆ ಊರು ತಡಕೊಳ್ಳುವುದುಂಟೆ ಅಂದಳು. ಒಂದಿಬ್ಬರು ನಕ್ಕರು.

ನಾಗಲಕ್ಷ್ಮಿ ನಗಲಿಲ್ಲ. "ಮತ್ತೆ ಬಾವಿ?" ಅಂದಳು.

ಶಾಂತಮಲ್ಲಮ್ಮ ಮರಿಮಲ್ಲಪ್ಪನವರ ಕಡೆ ನೋಡಿದಳು. ಅವರ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದಿತ್ತು. ತನ್ನ ಮಾತನ್ನು ಅವಳು ಆಡಿಯಾಗಿತ್ತು. ಅವರ ಮಾತು ಅವಳು ಆಡುವಂಥದಲ್ಲ.

"ಬಾವಿ ಮುಚ್ಚಾಕವ್ರಂತ," ಅಂದಳು. "ಮೊನ್ನ ಗುಂಡ್ಲುಪೇಟಲಿ ಹೇಳುದ್ರು."

ಮರಿಮಲ್ಲಪ್ಪನವರ ಕೈ ಸಡಿಲವಾಯಿತು. "ನಾ ಹೋದಾಗ್ಲೇ ಜಲ್ಲಿಕಲ್ಲು ತಂದು ಗುಡ್ಡ ಹಾಕಿದ್ರು ಕಣಮ್ಮಿ," ಎಂದು ಸೊಸೆಗೆ ಹೇಳಿದರು. "ಮುಚ್ತಾರ ಅಂತ ಆವತ್ತೇ ಅಂದ್ಕಂಡೆ."

ಆಮೇಲೆ ಅವರೇ ಮುಂದಾಗಿ ಸ್ಟೇಷನ್ನಿನ ನಲ್ಲಿಯಲ್ಲಿ ಚೊಂಬು ತುಂಬಿ ತಂದರು. ಬಾವಿಯ ನೀರೇ ಆಗಬೇಕೆಂದು ಎಲ್ಲೂ ಬರೆದಿಲ್ಲ, ಇಲ್ಲೇ ಮುಗಿಸಿಕೊಳ್ಳಿ ಅಂದರು. ಪೂಜೆಯಿದ್ದವರು ಸಿಮೆಂಟು ಬೆಂಚಿನ ಮೇಲೆ ಸಾಲಾಗಿ ಕೂತು ವಿಭೂತಿ ಹಚ್ಚಿ ಅಂಗೈ ಮೇಲೆ ಲಿಂಗ ಇಟ್ಟುಕೊಂಡರು. ಮುಗಿಸುವ ಹೊತ್ತಿಗೆ ಗಾಡಿ ಬಂದು ನಿಂತಿತು. ನಾಗಲಕ್ಷ್ಮಿ ದೊಡ್ಡವ್ವನ ಚೀಲವನ್ನು ತಾನೇ ಎತ್ತಿ ಒಳಗೆ ಹಾಕಿದಳು. ಕಿಟಕಿಯ ಸೀಟು ತೋರಿಸಿ, ಹೇಳಿದ ಜಾಗವನ್ನೆಲ್ಲ ಇವತ್ತು ಕಣ್ಣಾರೆ ನೋಡು, ತಪ್ಪು ಹೇಳಿದ್ದರೆ ಅಲ್ಲೇ ಕೇಳುತ್ತೇನೆ ಅಂದಳು.

ಗಾಡಿ ಅಲುಗಿದಾಗ ಮರಿಮಲ್ಲಪ್ಪನವರು ಕಿಟಕಿಯ ಸರಳು ಹಿಡಿದು ನಾಲ್ಕು ಹೆಜ್ಜೆ ಜೊತೆಗೇ ನಡೆದರು. ಸುತ್ತ ನೋಡಿ ದನಿ ತಗ್ಗಿಸಿದರು.

"ಶಾಂತವ್ವ, ಒಳಗೋದೇಟ್ಗೆ ಬಲಗಡ ಮೂಲ ಮೇಜು ಹಿಡ್ಕಳಿ, ಅಲ್ಲಿ ಫ್ಯಾನ್ ಅದ. ಬೆಣ್ಣ ಕೇಳಿ ಹಾಕುಸ್ಕಬೇಕು. ಕೇಳ್ನಿಲ್ಲ ಅಂದ್ರ ಹಾಕಲ್ಲ."