ಮೊಸರನ್ನದ ಮರಿಗಳು

ಲಕ್ಷ್ಮೀಪುರಂನ ಯೋಗೇಂದ್ರ ತಮ್ಮ ಮನೆಯ ಹಿತ್ತಿಲಲ್ಲಿ ಮರಿ ಹಾಕಿದ್ದ ಬೆಕ್ಕನ್ನು ಒಂದು ಭಾನುವಾರ ಬೆಳಿಗ್ಗೆ ಗೋಣಿಚೀಲಕ್ಕೆ ತುಂಬಿ, ಚೀಲದ ಬಾಯಿಗೆ ಹುರಿ ಬಿಗಿದು, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ಹೋಗಿ ರಿಂಗ್ ರಸ್ತೆಯ ಆಚೆ ಬಿಟ್ಟು ಬಂದರು. ಮರಿಗಳು ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಬಂದವರು ಸ್ನಾನ ಮಾಡಿ, ಪೂಜೆ ಮುಗಿಸಿ, ತಿಂಡಿಗೆ ಕೂತರು.

ಬೆಕ್ಕು ಮಾಡಿದ್ದ ತಪ್ಪೆಂದರೆ ಎಲ್ಲಿಂದಲೋ ಒಂದು ಮೀನಿನ ತಲೆ ಕಚ್ಚಿಕೊಂಡು ಬಂದು ದೇವರ ಮನೆಯ ಕಿಟಕಿಯ ಕೆಳಗೆ ಹಾಕಿದ್ದು. ಅದನ್ನು ಮೊದಲು ಕಂಡವರು ಯೋಗೇಂದ್ರರ ಹೆಂಡತಿ ಸರ್ವಮಂಗಳಾ. ಅವರು ಬೆಕ್ಕನ್ನು ಹುಡುಕಲು ಹೋಗಲಿಲ್ಲ. ನೆಟ್ಟಗೆ ಹಿತ್ತಿಲಿನ ಬಾಡಿಗೆ ಕೋಣೆಯ ಬಾಗಿಲಿಗೆ ಬಂದು, ಚಾಮುಂಡಮ್ಮನ ಒಲೆಯ ಕಡೆ ಕತ್ತು ಚಾಚಿದರು. ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು. "ಏನಿಲ್ಲ, ಸುಮ್ನೆ ಬಂದೆ," ಎಂದು ತಿರುಗಿ ಹೋದರು.

ಚಾಮುಂಡಮ್ಮ ರವಿಕೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನೊಂದನ್ನು ಆಟೋದಲ್ಲಿ ಹಾಕಿಕೊಂಡು ಈ ಕೋಣೆಗೆ ಬಂದಿದ್ದಳು. ಮನೆ ತೋರಿಸುವ ದಿನ ಸರ್ವಮಂಗಳಾ ನಗುತ್ತಲೇ ಹೇಳಿದ್ದರು: "ನೀವು ಗೌಡ್ರಲ್ವಾ? ನಮಗೇನೂ ಭೇದ ಇಲ್ಲಪ್ಪ. ಕಾಂಪೌಂಡ್ ಒಳಗೆ ಅದೊಂದು ಮಾತ್ರ ಬೇಡಿ." 'ಅದು' ಅಂದರೆ ಯಾವುದು ಎಂದು ಅವರು ಬಿಡಿಸಿ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಹುಟ್ಟಿದಂದಿನಿಂದ ಉಂಡದ್ದಕ್ಕೆ ಹೆಸರೇ ಇಲ್ಲದ ಹಾಗಾಯಿತು. ಅಂದಿನಿಂದ ಆ ಕೋಣೆಯೊಳಗೆ ಒಂದು ಮೊಟ್ಟೆಯೂ ಬರಲಿಲ್ಲ.

ಬಾಡೂಟ ಬೇಕೆನಿಸಿದರೆ ಒಂಟಿಕೊಪ್ಪಲಿನ ಅಣ್ಣ ಲಿಂಗಯ್ಯನ ಮನೆಯಿತ್ತು. ಭಾನುವಾರ ಅಲ್ಲಿ ಉಂಡು, ವಾಪಸ್ಸು ಬಸ್ಸಿಳಿದ ಕೂಡಲೇ ಬೀದಿ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ, ಸೋಂಪು ಅಗಿದು, ಸೆರಗನ್ನು ಮೂಗಿಗೆ ಹಿಡಿದು ನೋಡಿಕೊಂಡು ಗೇಟು ತೆಗೆಯುತ್ತಿದ್ದಳು. ಕದ್ದವಳ ಹಾಗೆ. ಅಣ್ಣ ತೀರಿಹೋದ ಮೇಲೆ ಅತ್ತಿಗೆ ಫೋನಿನಲ್ಲಿ "ಮುಂದಿನ ವಾರ ನೋಡನ ಬುಡು" ಎನ್ನತೊಡಗಿದಳು. ಆ ಮುಂದಿನ ವಾರ ಬರಲೇ ಇಲ್ಲ. ಆಮೇಲೆ ಫೋನೂ ಬರಲಿಲ್ಲ. ಭಾನುವಾರವೂ ಮೆಷಿನ್ ತುಳಿಯುವುದು ಅಭ್ಯಾಸವಾಯಿತು. ಅಳತೆ ಕೊಡಲು ಬರುವ ಹೆಂಗಸರು ತೋಳುದ್ದ, ಎದೆ ಸುತ್ತು, ಕತ್ತಿನ ಆಳ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಮಾತು ಅಂತ ಇದ್ದದ್ದು ಸರ್ವಮಂಗಳಾ ಜೊತೆ ಸಂಜೆಯ ಕಾಫಿ ಹೊತ್ತಿನಲ್ಲಿ ಮಾತ್ರ. ಅವರು ಹಿಂಬಾಗಿಲ ಹೊಸ್ತಿಲಲ್ಲಿ, ಇವಳು ಕೆಳಗಿನ ಮೆಟ್ಟಿಲಲ್ಲಿ. ಆ ಅರ್ಧ ಗಂಟೆಗೋಸ್ಕರ ಚಾಮುಂಡಮ್ಮ ಇಡೀ ದಿನ ಏನೇನೋ ಸುದ್ದಿ ಕೂಡಿಟ್ಟುಕೊಳ್ಳುತ್ತಿದ್ದಳು.

ತಾಯಿ ಬೆಕ್ಕನ್ನು ಬಿಟ್ಟು ಬಂದ ದಿನ ಮಧ್ಯಾಹ್ನ ಹಳೆಯ ಸೌದೆ ಗೂಡಿನಿಂದ ಸಣ್ಣ ಕೂಗು ಕೇಳಿಸಿತು. ಚಾಮುಂಡಮ್ಮ ಮೊದಲು ಮೆಷಿನ್ನಿನ ಚಕ್ರ ಕಿರುಗುಟ್ಟುತ್ತಿದೆ ಅಂದುಕೊಂಡು ಎಣ್ಣೆ ಬಿಟ್ಟಳು. ಕೂಗು ನಿಲ್ಲಲಿಲ್ಲ. ಗೂಡಿನಲ್ಲಿ ಮೂರು ಮರಿ ಒಂದರ ಮೇಲೊಂದು ಬಿದ್ದುಕೊಂಡು, ಇಲ್ಲದ ಮೊಲೆಯನ್ನು ಮೂತಿಯಲ್ಲಿ ಹುಡುಕುತ್ತಿದ್ದವು. ಒಂದು ಕಪ್ಪು, ಎರಡು ಬೂದಿ ಬಣ್ಣದವು. ಕೈಗೆತ್ತಿಕೊಂಡರೆ ನೆನೆದ ಬಟ್ಟೆಯ ಹಾಗೆ ತಣ್ಣಗಿದ್ದವು.

ರವಿಕೆ ತುಂಡುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಬಿಸಿನೀರಿನ ಬಾಟಲಿಗೆ ಹಳೆ ಲಂಗ ಸುತ್ತಿ, ನಡುವೆ ಮಲಗಿಸಿದಳು. ಔಷಧಿ ಅಂಗಡಿಯಿಂದ ಮಕ್ಕಳ ಡ್ರಾಪ್ಸಿನ ಫಿಲ್ಲರ್ ತಂದಳು. ಹಾಲಿನ ಹನಿ ಬಿಟ್ಟರೆ ಅರ್ಧ ಮೂಗಿಗೆ ಹೋಗುತ್ತಿತ್ತು, ಮರಿ ಸೀನುತ್ತಿತ್ತು, ಇವಳು ಗಾಬರಿಯಾಗಿ ಊದುತ್ತಿದ್ದಳು. ಹೊಟ್ಟೆ ತುಂಬಿದರೂ ಅಳುತ್ತಿದ್ದವು. ತಾಯಿ ನೆಕ್ಕಿದರೆ ಮಾತ್ರ ಅವಕ್ಕೆ ಉಚ್ಚೆ ಬರುತ್ತದೆಂದು ಆಮೇಲೆ ಹೊಳೆಯಿತು. ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಗೆ ಮೆಲ್ಲಗೆ ಸವರಿದಳು. ಬೆರಳ ಮೇಲೆ ಬೆಚ್ಚಗೆ ಹರಿದಾಗ ಒಬ್ಬಳೇ ನಕ್ಕಳು. ಆ ಕೋಣೆಯಲ್ಲಿ ನಗು ಕೇಳಿ ಅವಳಿಗೇ ವಿಚಿತ್ರವೆನಿಸಿತು.

ಕಣ್ಣು ಬಿಟ್ಟವು. ನಡೆಯಲು ಕಲಿತವು. ಹಲ್ಲೂ ಬಂದವು, ಬರೀ ಹಾಲು ಸಾಲದಾಯಿತು. ಸಂಜೆ ಕಾಫಿಯ ಹೊತ್ತಿಗೆ ಕೇಳಿದಳು.

"ಏನು ಹಾಕೋದು ಕಣಮ್ಮ ಇವಕ್ಕೆ?"

"ಮೊಸರನ್ನ ಹಾಕ್ರೀ," ಎಂದರು ಸರ್ವಮಂಗಳಾ. "ನಮ್ಮತ್ತೆ ಸಾಕಿದ್ದ ಬೆಕ್ಕು ಮೊಸರನ್ನ ತಿಂದೇ ಮುದಿಯಾಗಿ ಸತ್ತಿದ್ದು. ಮಡಿ ಬೆಕ್ಕು ಅಂತಿದ್ವಿ ಅದನ್ನ. ಎಲ್ಲ ಅಭ್ಯಾಸ ಮಾಡಿಸೋದ್ರಲ್ಲಿದೆ. ನೀವೇ ಇಲ್ವಾ?"

ಆ ಮಡಿ ಬೆಕ್ಕು ರಾತ್ರಿ ಯಾವ ಮೋರಿಯಲ್ಲಿ ಯಾವ ಇಲಿ ಮುಗಿಸಿ ಬಂದು ಅತ್ತೆಯವರ ಕಾಲ ಬಳಿ ಮಲಗುತ್ತಿತ್ತೋ, ಅದನ್ನು ನೋಡಲು ಅತ್ತೆಯವರು ಮೋರಿಗೆ ಇಳಿದಿರಲಿಲ್ಲ. ಚಾಮುಂಡಮ್ಮನಿಗೂ ಆ ಯೋಚನೆ ಬರಲಿಲ್ಲ. 'ನೀವೇ ಇಲ್ವಾ' ಎಂದದ್ದನ್ನು ಹೊಗಳಿಕೆ ಅಂದುಕೊಂಡಳು. ಹಳ್ಳಿಯಲ್ಲಿ ಮೀನಿನ ಮುಳ್ಳಿಗೆ ಕಾದು ಕೂರುವ ಬೆಕ್ಕುಗಳನ್ನು ನೋಡಿ ಬೆಳೆದವಳು, ಅನ್ನವನ್ನು ನುಣ್ಣಗೆ ಹಿಸುಕಿ, ಹುಳಿಯಿಲ್ಲದ ಮೊಸರು ಕಲೆಸಿ, ದಿನವೂ ತಿನ್ನಿಸಿದಳು. ಮರಿಗಳು ಹಸಿವಿಗೆ ತಿಂದವು. ಹೊಟ್ಟೆ ಮಾತ್ರ ಡೋಲಾಗಿ, ಬೆನ್ನುಮೂಳೆ ಎಣಿಸುವ ಹಾಗಾಯಿತು. ಭೇದಿ ಹಿಡಿಯಿತು. ಒಂದು ಬೆಳಿಗ್ಗೆ ಕಪ್ಪು ಮರಿ ಪೆಟ್ಟಿಗೆಯ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ಉಳಿದೆರಡು ಅದನ್ನೇ ಒತ್ತಿಕೊಂಡು ಮಲಗಿದ್ದವು.

"ಪಾಪ, ಅದರ ಆಯಸ್ಸು ಅಷ್ಟೇ," ಎಂದರು ಸರ್ವಮಂಗಳಾ. ನಿಜವಾಗಿಯೂ ಕಣ್ಣು ಒದ್ದೆ ಮಾಡಿಕೊಂಡರು.

ಚಾಮುಂಡಮ್ಮ ಉಳಿದ ಎರಡನ್ನು ತರಕಾರಿ ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು. ಮರಿಯ ತುಟಿ ಮೇಲೆತ್ತಿ ನೋಡಿದಳು, ಹೊಟ್ಟೆ ಒತ್ತಿದಳು.

"ಏನು ತಿನ್ನಿಸ್ತಿದೀರಾ?"

"ಮೊಸರನ್ನ ಕಣವ್ವ."

"ಬರೀ ಮೊಸರನ್ನಾನಾ?"

"ಶುದ್ಧವಾಗೇ ಮಾಡ್ತೀನಿ. ನಾವಿರೋದು ಲಕ್ಷ್ಮೀಪುರಂ. ಓನರ್ ಮನೇಲಿ ಅದೆಲ್ಲ ಆಗಕ್ಕಿಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಆಗಲ್ಲ ಅನ್ನೋದು ಓನರಿಗೆ ಅಮ್ಮ, ಬೆಕ್ಕಿಗಲ್ಲ. ಮಾಂಸ ಇಲ್ದೆ ಇವು ಬದುಕೋದೇ ಇಲ್ಲ. ಮೈಗೆ ಹತ್ತಲ್ಲ, ಕಣ್ಣೂ ಹೋಗುತ್ತೆ. ಭೇದಿಗೆ ಔಷಧಿ ಕೊಡ್ತೀನಿ. ಕೋಳಿ ಬೇಯಿಸಿ, ಉಪ್ಪು ಖಾರ ಏನೂ ಬೇಡ, ಮೂಳೆ ತೆಗೆದು ಹಿಸುಕಿ ಹಾಕಿ. ಇನ್ನು ತಡ ಮಾಡಬೇಡಿ."

ಬುಟ್ಟಿ ಹಿಡಿದು ಆಚೆ ಬಂದವಳು ಮರದ ನೆರಳಲ್ಲಿ ಸುಮಾರು ಹೊತ್ತು ನಿಂತಳು. ಕಪ್ಪು ಮರಿ ಆಯಸ್ಸು ಮುಗಿದು ಸತ್ತದ್ದಲ್ಲ. ಯಾರದೋ ಮಡಿಯನ್ನು ಅದರ ಬಾಯಿಗೆ ತುರುಕಿ ಕೊಂದದ್ದು. ತುರುಕಿದ ಬೆರಳು ತನ್ನದು.

ಲಕ್ಷ್ಮೀಪುರಂನಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಲಷ್ಕರ್ ಮೊಹಲ್ಲಾದವರೆಗೆ ಹೋದಳು. ಕೋಳಿ ಅಂಗಡಿಯವನು ಕತ್ತಿ ಒರೆಸುತ್ತಾ ಕೇಳಿದ.

"ಕಾಲು ಕೇಜಿ ಸಾಕೇನಕ್ಕ? ಮನೇಲಿ ಎಷ್ಟು ಜನ?"

"ಎರಡು ಮಕ್ಳು."

"ಹಲ್ಲು ಬಂದೈತಾ?"

"ಸೂಜಿ ಹಂಗೆ ಬಂದವೆ."

"ಅಂಗಾದ್ರೆ ಲಿವರ್ ತಗೊಂಡೋಗಿ, ಮೆತ್ತಗಿರ್ತದೆ," ಎಂದು ಒಂದು ತುಂಡು ಮೇಲೆ ಹಾಕಿಕೊಟ್ಟ. ಅಷ್ಟರಲ್ಲಿ ಬುಟ್ಟಿಯೊಳಗಿನ ಒಂದು ಮರಿ ವಾಸನೆ ಹಿಡಿದು ಗಂಟಲು ಹರಿದುಕೊಂಡಿತು. ಅವನು ಬಗ್ಗಿ ನೋಡಿದ. "ಇವೇನಕ್ಕ ನಿನ್ ಮಕ್ಳು? ಅಪ್ಪನ ಹೋಲಿಕೆನೇ ಬುಡು," ಎಂದು ನಕ್ಕ. ಚಾಮುಂಡಮ್ಮನೂ ನಕ್ಕಳು.

ಕೋಣೆಗೆ ಬಂದು ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಎರಡು ಊದುಬತ್ತಿ ಹಚ್ಚಿದಳು. ಕೋಳಿ ಬೇಯತೊಡಗಿತು. ಹೊಗೆ, ಆವಿ, ಊದುಬತ್ತಿ ಎಲ್ಲ ಸೇರಿ ಕೋಣೆಯಲ್ಲಿ ಉಸಿರು ಕಟ್ಟಿತು, ಮರಿಯೊಂದು ಕೆಮ್ಮಿತು. ಅವಳು ಹೋಗಿ ಬಾಗಿಲನ್ನೂ ಕಿಟಕಿಯ ಎರಡೂ ರೆಕ್ಕೆಗಳನ್ನೂ ತೆಗೆದಿಟ್ಟಳು. ಊದುಬತ್ತಿಯನ್ನು ನೀರಿಗೆ ಅದ್ದಿದಳು.

ತಟ್ಟೆಗೆ ಹಾಕಿದ್ದೇ ತಡ, ನಿಲ್ಲಲು ತ್ರಾಣವಿಲ್ಲದ ಮರಿಗಳು ಬಿದ್ದು ಎದ್ದು ಬಂದವು. ತಿನ್ನುತ್ತಾ ಗುರುಗುಟ್ಟಿದವು, ಒಂದು ಇನ್ನೊಂದಕ್ಕೆ, ಇವಳಿಗೆ, ಯಾರೂ ಹತ್ತಿರ ಬರಕೂಡದು ಎಂಬ ಹಾಗೆ. ಅಂಗೈಯಗಲದ ಜೀವಗಳಿಗೆ ಅಂಥ ಸಿಟ್ಟು ಎಲ್ಲಿತ್ತೋ. ಚಾಮುಂಡಮ್ಮ ನೋಡುತ್ತಾ ಕೂತಳು. ಪಾತ್ರೆಯಲ್ಲಿ ಸಾರು ಉಳಿದಿತ್ತು, ನಾಲ್ಕು ಚೂರೂ ಇದ್ದವು. ಉಪ್ಪು ಹಾಕಿ, ಮೆಣಸು ಜಜ್ಜಿ, ಮತ್ತೆ ಒಂದು ಕುದಿ ಬರಿಸಿ, ಬೆಳಗಿನ ಮುದ್ದೆ ಮುರಿದು ಅದರಲ್ಲಿ ಅದ್ದಿದಳು. ಎದುರಿಗೆ ಕೂತು ಉಣ್ಣುವವರನ್ನು ನೋಡಿ ಬಹಳ ಕಾಲವಾಗಿತ್ತು.

"ಚಾಮುಂಡಮ್ಮ." ಬಾಗಿಲಲ್ಲಿ ಸರ್ವಮಂಗಳಾ. ಹಿಂದೆ, ಅಂಗಳದಲ್ಲಿ, ಮೂಗಿಗೆ ಕರ್ಚೀಫು ಹಿಡಿದು ಯೋಗೇಂದ್ರ. "ಏನಿದು?"

"ಕೋಳಿ ಕಣಮ್ಮ. ಮರಿಗಳಿಗೆ ಬೇಯಿಸ್ದೆ."

ಸರ್ವಮಂಗಳಾ ಮುದ್ದೆಯ ತಟ್ಟೆ ನೋಡಿದರು. "ಮರಿಗಳಿಗಾ, ನಿಮಗಾ?"

"ಮೊದ್ಲು ಅವಕ್ಕೆ. ಆಮೇಲೆ ನಂಗೆ."

"ಸಂಜೆಯೊಳಗೆ ಅವೆರಡನ್ನೂ ಎಲ್ಲಾದ್ರೂ ಬಿಟ್ಟು ಬರ್ತೀನಿ," ಎಂದರು ಯೋಗೇಂದ್ರ ಕರ್ಚೀಫಿನ ಒಳಗಿಂದ. "ಇವರೂ ಬೇರೆ ಮನೆ ನೋಡ್ಕೊಳ್ಳಲಿ."

"ನೀವು ಸುಮ್ನಿರ್ರೀ." ಸರ್ವಮಂಗಳಾ ಒಂದು ಹೆಜ್ಜೆ ಒಳಗಿಟ್ಟು, ದನಿ ತಗ್ಗಿಸಿದರು. "ನೋಡಿ, ಮರಿ ಇರಲಿ. ನೀವೂ ಇರಿ. ಇಷ್ಟು ವರ್ಷ ಇದ್ದೀರ, ನನಗೂ ನಿಮ್ಮನ್ನ ಬಿಟ್ರೆ ಮಾತಿಗೆ ಯಾರಿದಾರೆ? ಆ ಪಾತ್ರೆ ಆಚೆ ಎಸೀರಿ. ನೆಲ ಒರೆಸಿ. ಇನ್ಮೇಲೆ ಈ ಕಾಂಪೌಂಡಲ್ಲಿ ಬೇಯಿಸಲ್ಲ ಅಂತ ಒಂದು ಮಾತು ಹೇಳಿಬಿಡಿ. ನಾನು ಇದನ್ನ ಇಲ್ಲಿಗೇ ಮರ್ತುಬಿಡ್ತೀನಿ. ಸಾಯಂಕಾಲ ಎಂದಿನ ಹಾಗೆ ಕಾಫಿಗೆ ಬನ್ನಿ."

ಆ ದನಿಯಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಉತ್ತರ ಸಲೀಸಾಗುತ್ತಿತ್ತು. ಚಾಮುಂಡಮ್ಮನಿಗೆ ಇನ್ನು ಮುಂದಿನ ಸಂಜೆಗಳು ಒಟ್ಟಿಗೇ ಕಂಡವು. ಮುಚ್ಚಿದ ಹಿಂಬಾಗಿಲು. ಒಬ್ಬೊಬ್ಬರಾಗಿ ಅಳತೆ ರವಿಕೆ ವಾಪಸ್ಸು ಕೇಳುವ ಹೆಂಗಸರು. ಹೇಳಲು ಕೂಡಿಟ್ಟು ಯಾರಿಗೂ ಹೇಳಲಾಗದ ಸುದ್ದಿಗಳು. ಒಂದು ಮಾತು ಆಡಿದರೆ ಅದೆಲ್ಲ ತಪ್ಪುತ್ತಿತ್ತು. ಆಡಿ, ನಾಳೆ ಅನ್ನ ಹಿಸುಕಲು ಕೂರಬೇಕಿತ್ತು.

ಬೂದಿ ಮರಿಗಳಲ್ಲಿ ಒಂದು ಖಾಲಿ ತಟ್ಟೆಯನ್ನು ಇನ್ನೂ ನೆಕ್ಕುತ್ತಿತ್ತು.

"ಹೇಳಿ ಚಾಮುಂಡಮ್ಮ. ಒಂದೇ ಮಾತು."

ಚಾಮುಂಡಮ್ಮ ತಟ್ಟೆಯಿಂದ ಕೈ ತೆಗೆಯಲಿಲ್ಲ, ಎದ್ದೂ ನಿಲ್ಲಲಿಲ್ಲ.

"ಹೇಳಕ್ಕಿಲ್ಲ ಕಣಮ್ಮ," ಎಂದಳು. "ನಾಳೆನೂ ಬೇಯಿಸ್ತೀನಿ. ಮನೇನೂ ಬುಡಕ್ಕಿಲ್ಲ."